ಕೆಚ್ಚು ಮತ್ತು ಅಚ್ಚು

ನಮ್ಮ ಹಾವೇರಿಯ ಸೀಮೆಯಲ್ಲಿ ಶಿಲ್ಪವೆಂದರೆ ಕಲ್ಲು ಎಂದೇ ಅರ್ಥ. ಹಾವೇರಿಯ ಸಿದ್ಧೇಶ್ವರ, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದ ಮುಕ್ತೇಶ್ವರ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ನಿಂತಿರುವ ಗಳಗನಾಥದ ಗುಡಿ, ಹಾನಗಲ್ಲಿನ ತಾರಕೇಶ್ವರ - ಇವುಗಳ ನೆರಳಿನಲ್ಲಿ ಬೆಳೆದವರಿಗೆ ಬೇರೊಂದು ಅರ್ಥ ಹೊಳೆಯುವುದೂ ಕಷ್ಟ. ವಿದ್ಯಾರ್ಥಿಗಳನ್ನು ಕೇಳಿದರೆ 'ಶಿಲೆಯಿಂದ ಆದದ್ದು ಶಿಲ್ಪ' ಎಂದು ವ್ಯುತ್ಪತ್ತಿಯನ್ನೇ ಕಟ್ಟಿಕೊಡುತ್ತಾರೆ. ಕೇಳಲು ಸೊಗಸಾಗಿದೆ, ಆದರೆ ನಿಜವಲ್ಲ. ಸಂಸ್ಕೃತದಲ್ಲಿ ಶಿಲ್ಪವೆಂದರೆ ಕೈಯ ಕುಶಲತೆ. ನೇಯುವುದೂ ಶಿಲ್ಪವೇ, ಮಡಕೆ ಮಾಡುವುದೂ ಶಿಲ್ಪವೇ, ಮರ ಕೆತ್ತುವುದೂ ಶಿಲ್ಪವೇ. ಕಲ್ಲು ಆ ಮನೆತನದ ಒಬ್ಬ ಮಗ ಮಾತ್ರ. ಹಿರಿಯ ಮಗನೂ ಅಲ್ಲ.

ಹಿರಿಯ ಮಗ ಮರ. ಈ ಮಾತಿಗೆ ಆ ಕಲ್ಲಿನ ಗುಡಿಗಳೇ ಸಾಕ್ಷಿ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಲ್ಲಿ ನಿಂತು ಕಂಬಗಳನ್ನು ನೋಡಬೇಕು. ಬಳೆಯ ಮೇಲೆ ಬಳೆ ಜೋಡಿಸಿದಂತೆ, ತಿರುಗುವ ಯಂತ್ರಕ್ಕೆ ಕೊಟ್ಟು ನುಣ್ಣಗೆ ತೆಗೆದಂತೆ ಇರುವ ಆ ಕಂಬಗಳಿಗೆ ನಾವು 'ಕಡೆದ ಕಂಬ'ಗಳೆನ್ನುತ್ತೇವೆ. ಕಡೆಯುವುದು ಮರದ ಕೆಲಸದ ಮಾತು. ಸೂರಿನ ಕೆಳಗೆ ತಲೆಯೆತ್ತಿ ನೋಡಿದರೆ ಕಲ್ಲಿನಲ್ಲಿಯೇ ಮರದ ಪಟ್ಟಿಗಳ ಸಾಲು ಕಾಣುತ್ತದೆ. ಕಲ್ಲಿಗೆ ಆ ಪಟ್ಟಿಗಳು ಬೇಕಾಗಿಲ್ಲ. ಮರದ ಮನೆ ಕಟ್ಟುತ್ತಿದ್ದ ಕೈ, ಕಲ್ಲಿಗೆ ಬಂದಾಗಲೂ ತನ್ನ ಹಳೆಯ ನೆನಪನ್ನು ಬಿಡಲಿಲ್ಲ, ಅಷ್ಟೆ. ಕಲ್ಲು ಉಳಿಯಿತು, ಅದಕ್ಕೆ ಪಾಠ ಹೇಳಿದ ಮರ ಗೆದ್ದಲಿಗೂ ಬೆಂಕಿಗೂ ಆಹಾರವಾಯಿತು. ಉಳಿದವರ ಚರಿತ್ರೆಯನ್ನು ಮಾತ್ರ ಬರೆಯುವುದು ಲೋಕರೂಢಿ. ಆದುದರಿಂದಲೇ ಇಂದಿನ ಶಿಲ್ಪಿಗಳೂ ಮುದ್ರಣ ಕಲಾವಿದರೂ ಮರಕ್ಕೆ ಮತ್ತೆ ಕೈಹಚ್ಚಿರುವಾಗ, ಮರದ ಕಡೆಯಿಂದ ನಾಲ್ಕು ಮಾತು ಹೇಳುವುದು ಉಚಿತವೆಂದು ನನಗೆ ತೋರಿತು.

ನಾನು ಕನ್ನಡ ಪಾಠ ಹೇಳುವವನು, ಕಲೆಯ ವಿಮರ್ಶಕನಲ್ಲ. ಮಾತಿನಿಂದ ವಸ್ತುವಿನ ಕಡೆಗೆ ನಡೆಯುವುದೇ ನನಗೆ ತಿಳಿದ ದಾರಿ. ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು 'ಗಿಡ'ವೇ - ಬೇವಿನ ಗಿಡ, ಹುಣಸೆಯ ಗಿಡ, ಆಲದ ಗಿಡ. ಕಡಿದು ಉರುಳಿಸಿದ ಗಳಿಗೆಯಿಂದ ಅದು 'ಕಟ್ಟಿಗೆ'. ಒಲೆಗೆ ಹಾಕುವುದೂ ಕಟ್ಟಿಗೆಯೇ, ಪಡಸಾಲೆಯ ಕಂಬವಾಗಿ ನಿಲ್ಲುವುದೂ ಕಟ್ಟಿಗೆಯೇ. ಒಂದೇ ಮಾತಿನಲ್ಲಿ ಬೂದಿಯೂ ಇದೆ, ಮೂರ್ತಿಯೂ ಇದೆ. ಯಾವುದಾಗಬೇಕೆಂಬುದನ್ನು ತೀರ್ಮಾನಿಸುವವನು ಬಡಿಗ. ಅವನು ನೋಡುವುದು ಕೆಚ್ಚನ್ನು.

ಕೆಚ್ಚು ಎಂಬುದು ಕನ್ನಡದ ಬಹು ಗಟ್ಟಿಯಾದ ಮಾತುಗಳಲ್ಲಿ ಒಂದು. ಮರದ ಒಳಗಿನ, ಬಣ್ಣ ಮಾಗಿದ, ಹುಳು ಸುಲಭವಾಗಿ ಮುಟ್ಟದ ತಿರುಳಿಗೆ ಕೆಚ್ಚೆಂದು ಹೆಸರು. ಮನುಷ್ಯನ ಧೈರ್ಯಕ್ಕೂ ಅದೇ ಹೆಸರು. ಕೆಚ್ಚೆದೆಯ ಬಂಟ ಎನ್ನುವಾಗ ನಾವು ಆತನ ಎದೆಯೊಳಗೆ ಒಂದು ಮರದ ತಿರುಳನ್ನು ಇಟ್ಟು ಮಾತನಾಡುತ್ತಿರುತ್ತೇವೆ. ಇದರಲ್ಲಿ ಸಸ್ಯಶಾಸ್ತ್ರಕ್ಕೂ ಒಪ್ಪುವ ಒಂದು ಸ್ವಾರಸ್ಯವಿದೆ. ಮರದಲ್ಲಿ ನೀರು ಹರಿಯುವುದು ಹೊರಗಿನ ಬೆಳ್ಳನೆಯ ಭಾಗದಲ್ಲಿ. ವರ್ಷ ವರ್ಷ ಹೊಸ ಉಂಗುರಗಳು ಹೊರಗೆ ಸೇರುತ್ತ ಹೋದಂತೆ ಒಳಗಿನ ಉಂಗುರಗಳು ನೀರು ಸಾಗಿಸುವ ಕೆಲಸದಿಂದ ನಿವೃತ್ತವಾಗುತ್ತವೆ. ಅವುಗಳ ಜೀವಕೋಶಗಳು ಸಾಯುತ್ತವೆ. ಅಂಟು ರಾಳಗಳು ತುಂಬಿ ಬಣ್ಣ ಗಾಢವಾಗುತ್ತದೆ. ಹೀಗೆ ಸತ್ತ ಭಾಗವೇ ಕೆಚ್ಚು. ಅಂದರೆ, ಮರವನ್ನು ಎತ್ತಿ ಹಿಡಿದು ನಿಲ್ಲಿಸುವುದು ಅದರ ಇಂದಿನ ಜೀವವಲ್ಲ, ಕಳೆದ ವರ್ಷಗಳು. ನಾಡಿಗೂ ಭಾಷೆಗೂ ಇದು ಸಲ್ಲುವ ಮಾತೆಂದು ನಾನು ಬಗೆದಿದ್ದೇನೆ.

ಬ್ಯಾಡಗಿಯ ಸಮೀಪದ ಒಂದು ಹಳ್ಳಿಯಲ್ಲಿ ವೃದ್ಧ ಬಡಿಗರೊಬ್ಬರ ಕೆಲಸವನ್ನು ಆಗಾಗ ಕುಳಿತು ನೋಡಿದ್ದೇನೆ. ಬಾಚಿ, ಉಳಿ, ಕೊಡತಿ, ಬೈರಿಗೆ, ಗರಗಸ - ಇಷ್ಟೇ ಅವರ ಸಂಸಾರ. ತುಂಡೊಂದನ್ನು ಕೈಗೆತ್ತಿಕೊಂಡರೆ ಮೊದಲು ಹೊರಳಿಸಿ ಹೊರಳಿಸಿ ನೋಡುತ್ತಾರೆ, ಬೆರಳಿನಿಂದ ಸವರುತ್ತಾರೆ, ಬಡಿದು ಕಿವಿಗೊಡುತ್ತಾರೆ. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಎಳಿ ಯಾ ಕಡೆ ಹೊಂಟೈತಿ ನೋಡಿ ಉಳಿ ಹಿಡೀಬೇಕ್ರಿ ಸರ. ಎದುರ ಹೋದ್ರ ಸೀಳತೈತ್ರಿ." ಮರದ ಎಳೆಯ ಜೊತೆಗೆ ಹೋಗಬೇಕು, ಗಂಟು ಬಂದಲ್ಲಿ ಸುತ್ತಿ ಹೋಗಬೇಕು, ಹಸಿಯಿದ್ದರೆ ಕಾಯಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಯನ್ನೇ ತನ್ನ ಹೆಸರಿಗೆ ಸೇರಿಸಿಕೊಂಡವನೊಬ್ಬನಿದ್ದ, ಬಾಚಿಕಾಯಕದ ಬಸವಯ್ಯ. ಅವನ ಮಡದಿ ಕಾಳವ್ವೆಯೂ ವಚನಕಾರ್ತಿ. ಮರ ಕೆತ್ತುವ ಮನೆಯಿಂದ ಗಂಡ ಹೆಂಡಿರಿಬ್ಬರೂ ಕನ್ನಡ ಸಾಹಿತ್ಯಕ್ಕೆ ಬಂದರೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕು.

ಬಡಿಗರ ಈ ತಿಳಿವಳಿಕೆ ಊರಿನ ಬಾಳಿನಲ್ಲೆಲ್ಲ ಹರಡಿಕೊಂಡಿತ್ತು. ಬ್ಯಾಡಗಿಯ ಪೇಟೆಗೆ ಕೆಂಪು ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದ ಚಕ್ಕಡಿಯನ್ನು ನೆನೆಯಿರಿ. ಭಾರ ಹೊತ್ತು ಉರುಳುವ ಗಾಲಿಗೆ ಗಡಸು ಜಾಲಿ. ಎತ್ತಿನ ಹೆಗಲಿಗೆ ನೋವಾಗದಂತೆ ನೊಗಕ್ಕೆ ಹಗುರವಾದ ಕಟ್ಟಿಗೆ. ಒಂದೊಂದು ಅಂಗಕ್ಕೂ ಒಂದೊಂದು ಗುಣ. ಈಗ ಆ ಚೀಲಗಳು ಲಾರಿ ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಅದಕ್ಕಾಗಿ ಅಳಬೇಕಾಗಿಲ್ಲ, ಎತ್ತಿನ ಕೊರಳೂ ರೈತನ ಬೆನ್ನೂ ಹಗುರವಾದವು. ಆದರೆ ಚಕ್ಕಡಿಯ ಗಾಲಿ ಹೆದ್ದಾರಿಯ ಊಟದ ಮನೆಗಳ ಗೋಡೆಗೆ ಅಲಂಕಾರವಾಗಿ ಏರಿದ ದಿನ, ಯಾವ ಕಟ್ಟಿಗೆ ಯಾವ ಅಂಗಕ್ಕೆ ಎಂಬ ವಿದ್ಯೆ ಅದರೊಡನೆ ಗೋಡೆ ಏರಲಿಲ್ಲ. ಅದು ಎಲ್ಲಿಗೂ ಹೋಗದೆ ಸುಮ್ಮನೆ ಇಲ್ಲವಾಯಿತು.

ಇನ್ನು ಮೂರ್ತಿಶಿಲ್ಪದ ಮಾತು. ನಮ್ಮ ಹಳ್ಳಿಗಳಲ್ಲಿ ದೇವಾಲಯದ ಲಿಂಗ ಕಲ್ಲಿನದು. ಗ್ರಾಮದೇವತೆಯರಾದ ದ್ಯಾಮವ್ವ ದುರ್ಗವ್ವರು ಬಹುಮಟ್ಟಿಗೆ ಮರದವರು. ಕೆಲವು ವರ್ಷಗಳಿಗೊಮ್ಮೆ ಅವರ ಜಾತ್ರೆ. ಜಾತ್ರೆಗೆ ಮುಂಚೆ ಮೂರ್ತಿಗೆ ಹೊಸದಾಗಿ ಬಣ್ಣ ಹಚ್ಚುತ್ತಾರೆ. ಮರ ಜೀರ್ಣವಾಗಿದ್ದರೆ ಹೊಸ ಮೂರ್ತಿಯನ್ನೇ ಕೆತ್ತಿಸುತ್ತಾರೆ. ಘಟ್ಟದ ಅಂಚಿನಲ್ಲಿ ಶಿರಸಿಯ ಮಾರಿಕಾಂಬೆಯೂ ಮರದ ಮೂರ್ತಿಯೇ. ಎರಡು ವರ್ಷಕ್ಕೊಮ್ಮೆ ನಡೆಯುವ ಆಕೆಯ ಜಾತ್ರೆಗೆ ನಮ್ಮ ಹಾನಗಲ್ಲು ಹಾವೇರಿಗಳಿಂದ ಜನ ಹೋಗುತ್ತಾರೆ. ಪುರಿಯ ಜಗನ್ನಾಥನೂ ದಾರುಮೂರ್ತಿ. ಅವನಿಗೆ 1996ರಲ್ಲಿ ಹೊಸ ದೇಹ ಕೆತ್ತಿದರು, ಮತ್ತೆ 2015ರಲ್ಲಿ ಕೆತ್ತಿದರು. ಕಲ್ಲಿನ ದೇವರು ನಮ್ಮ ತಲೆಮಾರುಗಳನ್ನು ನೋಡುತ್ತ ಕುಳಿತಿರುತ್ತಾನೆ. ಮರದ ದೇವರು ನಮ್ಮಂತೆಯೇ ಮುಪ್ಪಾಗುತ್ತಾನೆ, ಸಾಯುತ್ತಾನೆ, ಮತ್ತೆ ಹುಟ್ಟುತ್ತಾನೆ. ಮೂರ್ತಿ ಹಳೆಯದಾದಷ್ಟೂ ಬೆಲೆ ಎಂಬುದು ವಸ್ತುಸಂಗ್ರಹಾಲಯದ ನ್ಯಾಯ. ಹೊಸತಾಗುತ್ತಲೇ ಇರಬೇಕೆಂಬುದು ಹಳ್ಳಿಯ ನ್ಯಾಯ.

ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಷ್ಟೊಂದು ಬಲ್ಲವರಾಗಿದ್ದ ನಮ್ಮ ಬಡಿಗರು, ಚಿತ್ರಗಾರರು ಮರವನ್ನು ಜನರಿಗೆ ತೋರಿಸಲಿಲ್ಲ, ಮುಚ್ಚಿದರು. ದ್ಯಾಮವ್ವನ ಮುಖದಲ್ಲಿ ನಮಗೆ ಕಾಣುವುದು ಬಣ್ಣ, ಹೊಳಪು, ಬಿಟ್ಟ ಕಣ್ಣು. ಒಳಗಿನ ಮರ ಯಾವುದೆಂದು ಭಕ್ತ ಕೇಳುವುದಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಹುಣಸೆ ಬೀಜದ ಅಂಟಿನಿಂದ ಮಾಡಿದ ಲೇಪವನ್ನು ಮೆತ್ತಿ, ಆಮೇಲೆ ಬಣ್ಣ ತೀಡುತ್ತಾರೆ. ಚನ್ನಪಟ್ಟಣದ ಬೊಂಬೆಗೆ ಅರಗಿನ ಹೊದಿಕೆ. ಕರಾವಳಿಯ ಭೂತಗಳ ಆಳೆತ್ತರದ ಮರದ ಮೂರ್ತಿಗಳಿಗೂ ಮೈತುಂಬ ಬಣ್ಣ. ಶ್ರೀಗಂಧವನ್ನು ಬಿಟ್ಟರೆ, ಮರ ಮರವಾಗಿಯೇ ಕಾಣಲಿ ಎಂಬ ಹಟ ನಮ್ಮ ಪರಂಪರೆಯಲ್ಲಿ ಬಹಳವಿಲ್ಲ. ಆದ್ದರಿಂದ ಆಧುನಿಕ ಕಲೆಯಲ್ಲಿ ಮರವನ್ನು ಕಂಡಾಗ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂದು ಬೆನ್ನು ಚಪ್ಪರಿಸಿಕೊಳ್ಳುವುದು ಸಲ್ಲದು. ನಮ್ಮಲ್ಲಿ ಇದ್ದದ್ದು ಮರದ ಜ್ಞಾನ. ಹೊಸತಾಗಿ ಬಂದದ್ದು ಮರದ ದರ್ಶನ. ಬಲ್ಲವರು ಅದನ್ನು ಬಣ್ಣದ ಕೆಳಗೆ ಇಟ್ಟಿದ್ದರು. ಇಂದಿನ ಕಲಾವಿದರು ಬಣ್ಣ ಸರಿಸಿ ತೋರಿಸುತ್ತಾರೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ಜ್ಞಾನವಿಲ್ಲದ ದರ್ಶನ ಬಹಳ ದಿನ ಬಾಳದು, ದರ್ಶನವಿಲ್ಲದ ಜ್ಞಾನಕ್ಕೆ ಈಗ ಗಿರಾಕಿಯಿಲ್ಲ. ಇವೆರಡೂ ಒಂದನ್ನೊಂದು ಹುಡುಕಿಕೊಳ್ಳದಿದ್ದರೆ ಎರಡಕ್ಕೂ ಹಾನಿ.

ದರ್ಶನವೆಂದೆನಲ್ಲ, ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆ 1969ರಿಂದ ಒಂದು ಬಗೆಯ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತ ಬಂದಿದ್ದಾನೆ. ಗರಗಸದ ಕಾರ್ಖಾನೆಯಿಂದ ಚೌಕವಾಗಿ ಕೊಯ್ದು ಬಂದ ತೊಲೆಯನ್ನು ತೆಗೆದುಕೊಳ್ಳುತ್ತಾನೆ. ಅದರ ಒಂದು ಉಂಗುರವನ್ನು ಆರಿಸಿ, ಆ ಉಂಗುರ ಸಿಗುವವರೆಗೆ ಮೇಲಿನ ಮರವನ್ನು ಉಳಿಯಿಂದ ತೆಗೆಯುತ್ತ ಹೋಗುತ್ತಾನೆ. ಗಂಟು ಬಂದಲ್ಲಿ ಅದನ್ನು ಕಡಿಯದೆ ಉಳಿಸಿಕೊಳ್ಳುತ್ತಾನೆ. ಗಂಟೆಂದರೆ ಒಂದು ಕೊಂಬೆಯ ಬುಡವಷ್ಟೆ. ಕೊನೆಗೆ ತೊಲೆಯ ಹೊಟ್ಟೆಯೊಳಗಿನಿಂದ, ಆ ಮರ ಎಳೆಯದಾಗಿದ್ದಾಗ ಹೇಗಿತ್ತೋ ಹಾಗೆ, ರೆಂಬೆ ಸಮೇತ ಒಂದು ಸಣ್ಣ ಗಿಡ ಎದ್ದು ನಿಲ್ಲುತ್ತದೆ. ಇದರಲ್ಲಿ ಶಿಲ್ಪಿ ಏನನ್ನೂ ಕಲ್ಪಿಸಲಿಲ್ಲ, ಇದ್ದದ್ದನ್ನು ಓದಿದನು. ಕಟ್ಟಿಗೆಯನ್ನು ಹಿಂದಕ್ಕೆ ನಡೆಸಿ ಗಿಡವಾಗಿಸಿದನು. ನಮ್ಮ ಬಡಿಗರು ಉಳಿ ಹಚ್ಚುವ ಮೊದಲು ಬೆರಳಿನಿಂದ ಓದುವುದೂ ಇದನ್ನೇ. ಅವರು ಓದಿ ಸುಮ್ಮನಾಗುತ್ತಾರೆ, ಈತ ಗಟ್ಟಿಯಾಗಿ ಓದುತ್ತಾನೆ. ಬ್ರಿಟನ್ನಿನ ಡೇವಿಡ್ ನ್ಯಾಶ್ ಹಸಿ ಮರದಿಂದಲೇ ಕೆತ್ತಿ, ಅದು ಒಣಗುತ್ತ ಬಾಗುವುದನ್ನೂ ಬಿರಿಯುವುದನ್ನೂ ಕೃತಿಯ ಭಾಗವೆಂದೇ ಒಪ್ಪಿಕೊಂಡವನು. ನಮ್ಮ ದೇಶದ ಲೀಲಾ ಮುಖರ್ಜಿ ಮರದ ಶಿಲ್ಪಕ್ಕೆ ತೊಡಗುವ ಮುನ್ನ ನೇಪಾಳದ ಸಾಂಪ್ರದಾಯಿಕ ಕುಶಲಕರ್ಮಿಯ ಹತ್ತಿರ ಕುಳಿತು ಉಳಿ ಹಿಡಿಯಲು ಕಲಿತರು. ಜ್ಞಾನವೂ ದರ್ಶನವೂ ಒಂದನ್ನೊಂದು ಹುಡುಕಿಕೊಂಡದ್ದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕನ್ನಡ ನಾಡಿನ ಕಲಾವಿದರೂ ಇದರಲ್ಲಿ ಹಿಂದಿಲ್ಲ. ಶೀಲಾ ಗೌಡ ಹುಟ್ಟಿದ್ದು ಭದ್ರಾವತಿಯಲ್ಲಿ, 1957ರಲ್ಲಿ. ಅವರ ಊರಿನ ನೀರೇ ಕೆಳಗೆ ಹರಿದು ತುಂಗಭದ್ರೆಯಾಗಿ ನಮ್ಮ ರಾಣೇಬೆನ್ನೂರು ತಾಲ್ಲೂಕನ್ನು ಮುಟ್ಟುತ್ತದೆ. ಬಾದಾಮಿಯ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ನಡೆಸಿದ ಕೆನ್ ಕಲಾಶಾಲೆಯಲ್ಲಿ ಕಲಿತು, ಬರೋಡ ಲಂಡನ್ನುಗಳಲ್ಲಿ ಓದು ಮುಂದುವರಿಸಿದವರು. ಅವರು 2011ರಲ್ಲಿ ರಚಿಸಿದ 'ಆಫ್ ಆಲ್ ಪೀಪಲ್' ಎಂಬ ಕೃತಿಯಲ್ಲಿ ಹಳೆಯ ಮನೆಗಳ ಬಾಗಿಲು ಚೌಕಟ್ಟುಗಳೊಡನೆ, ಮರದ ಚೂರುಗಳಲ್ಲಿ ಒರಟಾಗಿ ಕೆತ್ತಿದ ಸಾವಿರಾರು ಪುಟ್ಟ ಮನುಷ್ಯಾಕೃತಿಗಳು ನೆರೆದಿವೆ. ಹರಕೆಗೆಂದು ಒಪ್ಪಿಸುವ ಮರದ ಬೊಂಬೆಗಳ ಬಗೆಯವು ಅವು. ಕಣ್ಣು ಮೂಗು ಸ್ಪಷ್ಟವಿಲ್ಲ. ನಾಲ್ಕಾರು ಏಟಿಗೆ ಮನುಷ್ಯನಾದ ಚಕ್ಕೆಗಳು. ಒಂದನ್ನು ಕೈಗೆತ್ತಿಕೊಂಡರೆ ಅದು ಬರಿಯ ಚೂರು. ಸಾವಿರಾರು ಸೇರಿದಾಗ ಅದು ಜನ. ಕೋಟೇಶ್ವರದ ಎಲ್. ಎನ್. ತಲ್ಲೂರರ 'ಕ್ರೋಮಾಟೋಫೋಬಿಯಾ'ದಲ್ಲಿ ನೋಡಲು ಬಂದವರೇ ಮರದ ದಿಮ್ಮಿಗೆ ನಾಣ್ಯಗಳನ್ನು ಸುತ್ತಿಗೆಯಿಂದ ಜಡಿಯಬೇಕು. ದೆವ್ವ ಬಿಡಿಸಿ ಮರಕ್ಕೆ ಮೊಳೆ ಹೊಡೆಯುವುದನ್ನು ಕಂಡ ನಮ್ಮ ಹಳ್ಳಿಯವರಿಗೆ ಇದರ ಅರ್ಥವನ್ನು ಯಾವ ವಿಮರ್ಶಕನೂ ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ದೆವ್ವ ಹಣವೆಂಬುದನ್ನು ಅವರು ತಾವೇ ತಿಳಿದುಕೊಳ್ಳುತ್ತಾರೆ.

ಕೆಚ್ಚಿನ ಮಾತಾಯಿತು. ಇನ್ನು ಅಚ್ಚು. ಈ ಮಾತಿನ ಬಳಗ ದೊಡ್ಡದು. ಅಚ್ಚುಬೆಲ್ಲ, ಅಚ್ಚುಕೂಟ, ಅಚ್ಚಾದ ಪುಸ್ತಕ, 'ಅಪ್ಪನ ಅಚ್ಚು' ಎನಿಸಿಕೊಂಡ ಮಗ. ಗಾಡಿಯ ಅಚ್ಚು ಮಾತ್ರ ಬೇರೆ ಮನೆಯದು. ಅದು ಸಂಸ್ಕೃತದ 'ಅಕ್ಷ'ದ ತದ್ಭವ. ಬೆಲ್ಲಕ್ಕೂ ಪುಸ್ತಕಕ್ಕೂ ಮಗನಿಗೂ ಕನ್ನಡವು ಒಂದೇ ಮಾತನ್ನು ಕೊಟ್ಟಿತೆಂದರೆ, ಒಂದು ಮೂಲದಿಂದ ಅನೇಕ ರೂಪಗಳು ಹುಟ್ಟುವ ಗುಟ್ಟನ್ನು ಅದು ಅಚ್ಚುಯಂತ್ರ ಬರುವ ಎಷ್ಟೋ ಮೊದಲೇ ಅರಿತಿತ್ತೆಂದು ಅರ್ಥ.

ನಮ್ಮ ಮನೆಗಳಲ್ಲಿ ಆ ಗುಟ್ಟಿಗೆ ಸಿಹಿಯಾದ ಸಾಕ್ಷಿಯೊಂದಿದೆ. ಗೌರಿ ಹುಣ್ಣಿಮೆ ಬಂತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಪೇಟೆಯಲ್ಲಿ ಸಕ್ಕರೆ ಆರತಿಗಳು ಕಾಣಿಸಿಕೊಳ್ಳುತ್ತವೆ. ಕುದುರೆ, ಆನೆ, ನವಿಲು, ತೇರು, ಬಸವಣ್ಣ. ಹೆಣ್ಣುಮಕ್ಕಳು ತಟ್ಟೆಯಲ್ಲಿ ಅವನ್ನಿಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಅತ್ತೆಯ ಮನೆಯಿಂದ ಸೀರೆಯೊಡನೆ ಸಕ್ಕರೆ ಆರತಿಯೂ ಬರುತ್ತದೆ. ಇವು ಹುಟ್ಟುವುದು ಮರದ ಅಚ್ಚಿನಲ್ಲಿ. ಬಹುಮಟ್ಟಿಗೆ ಸಾಗವಾನಿಯ ಎರಡು ಹೋಳುಗಳು. ಒಂದೊಂದರಲ್ಲಿಯೂ ಆಕೃತಿಯ ಅರ್ಧವನ್ನು ತಗ್ಗಾಗಿ ಕೊರೆದಿರುತ್ತದೆ. ಪಾಕ ಅಂಟದಿರಲೆಂದು ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳನ್ನೂ ಸೇರಿಸಿ ದಾರದಿಂದ ಬಿಗಿದು, ಕಾದ ಸಕ್ಕರೆ ಪಾಕವನ್ನು ಹೊಯ್ಯುತ್ತಾರೆ. ತುಸು ಹೊತ್ತಿಗೆ ಬಿಚ್ಚಿದರೆ ಒಳಗೆ ಬಿಳಿಯ ಕುದುರೆ. ಮರಕ್ಕೆ ಎಡವಾದದ್ದು ಕುದುರೆಗೆ ಬಲ. ಮರದ ತಗ್ಗು ಕುದುರೆಯ ಉಬ್ಬು. ಕೆತ್ತುವವನು ಎಲ್ಲವನ್ನೂ ತಿರುವಿ ಮುರುವಿ ಯೋಚಿಸಬೇಕು. ಮುದ್ರಣ ಕಲೆಯ ಮೊದಲ ಪಾಠ ಇದೇ.

ಬ್ಯಾಡಗಿಯ ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಮನೆಯ ಅಚ್ಚೊಂದನ್ನು ತರಗತಿಗೆ ತಂದಿದ್ದಳು. ಅದರ ಮೇಲೆ ತೆಳುವಾದ ಕಾಗದವಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ಉಜ್ಜಿಸಿದೆ. ತಗ್ಗಿನಲ್ಲಿದ್ದ ಕುದುರೆ ಕಾಗದದ ಮೇಲೆ ಬೆಳ್ಳಗೆ ಉಳಿಯಿತು. ಅದರ ಸುತ್ತ, ಯಾರೂ ಕೆತ್ತದ ಗೆರೆಗಳು ಮೂಡಿದವು. ಓರೆ ಮಳೆಯಂತೆ ಸಾಗವಾನಿಯ ಎಳೆಗಳು. ಇಡೀ ತರಗತಿ ಒಂದು ಕ್ಷಣ ಸುಮ್ಮನಾಯಿತು. ಕುದುರೆ ಬಡಿಗನದು, ಮಳೆ ಮರದ್ದು. 1925ರಲ್ಲಿ ಮಾಕ್ಸ್ ಅರ್ನ್‌ಸ್ಟ್ ಎಂಬ ಜರ್ಮನ್ ಕಲಾವಿದನು ತಾನಿಳಿದಿದ್ದ ವಸತಿಯ ಮರದ ನೆಲದ ಮೇಲೆ ಕಾಗದವಿಟ್ಟು ಉಜ್ಜಿ, ಸವೆದ ಹಲಗೆಯ ಎಳೆಗಳಲ್ಲಿ ಕಾಡುಗಳನ್ನೂ ಪ್ರಾಣಿಗಳನ್ನೂ ಕಂಡನು. ನಮ್ಮ ಹುಡುಗರು ಕಂಡದ್ದು ಅದೇ ಮಳೆಯ ಇನ್ನೊಂದು ಹನಿ.

ಮರದಚ್ಚಿನ ಚಿತ್ರದ ಕ್ರಮ ಸಕ್ಕರೆಯ ಅಚ್ಚಿಗೆ ತಿರುವು. ಇಲ್ಲಿ ಕೊರೆದು ತೆಗೆದದ್ದು ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ. ಹಲಗೆಯ ಮೇಲ್ಮೈಗೆ ಉರುಳೆಯಿಂದ ಶಾಯಿ ಹಚ್ಚಿ, ಕಾಗದವಿಟ್ಟು, ಹಿಂದಿನಿಂದ ಒತ್ತಿದರೆ ಚಿತ್ರ. ಒತ್ತಲು ಯಂತ್ರವೇ ಬೇಕೆಂದಿಲ್ಲ, ಮರದ ಚಮಚವೂ ಸಾಕು. ಯೂರೋಪಿನವರು ಪೇರು ಮರವನ್ನು, ಜಪಾನಿನವರು ಚೆರ್ರಿ ಮರವನ್ನು ಆರಿಸಿಕೊಂಡದ್ದು, ಅವು ಗೆರೆಯನ್ನು ನಯವಾಗಿ ಹಿಡಿದುಕೊಳ್ಳುತ್ತವೆಂದು. ಅಂದರೆ ಮರ ತನ್ನ ಸ್ವಂತ ಮಾತನ್ನು ಅಡ್ಡ ತಾರದಿರಲೆಂದು. ನಾರ್ವೆಯ ಮುಂಕ್ ಈ ನ್ಯಾಯವನ್ನು ತಿರುಗಿಸಿದನು. 'ಮುತ್ತು' ಎಂಬ ಅವನ ಮರದಚ್ಚಿನಲ್ಲಿ ಇಬ್ಬರು ಒಂದೇ ಆಕೃತಿಯಾಗಿ ಬೆರೆತಿದ್ದಾರೆ. ಹಿನ್ನೆಲೆಯಲ್ಲಿ ಇರುವುದು ಹಲಗೆಯ ಎಳೆಗಳು ಮಾತ್ರ. ಜರ್ಮನಿಯ ಕೇಟೆ ಕೋಲ್ವಿಟ್ಸ್ 1914ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿ. ಆ ದುಃಖಕ್ಕೆ ಎಷ್ಟೋ ವರ್ಷ ರೂಪ ಹುಡುಕಿ, ಕೊನೆಗೆ 1921-22ರಲ್ಲಿ 'ಯುದ್ಧ' ಎಂಬ ಏಳು ಚಿತ್ರಗಳನ್ನು ಮರದಲ್ಲಿ ಕೊರೆದಳು. ತಾಮ್ರದ ತಗಡಿನ ನುಣುಪು ಗೆರೆಗೆ ಒಗ್ಗದ ಸಂಕಟ ಉಳಿಯ ಒರಟು ಏಟಿಗೆ ಒಗ್ಗಿತು. ನಮ್ಮವರಲ್ಲಿ ಬಂಗಾಳದ ಹರೇನ್ ದಾಸ್ (1921-1993) ಮರದಲ್ಲಿಯೇ ಹಳ್ಳಿಯ ನಿತ್ಯಜೀವನವನ್ನು, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ, ಬಾಳಿಡೀ ಕೊರೆದರು. ಮೂವರದೂ ಮರವೇ, ಒಬ್ಬನಿಗೆ ಅದು ಪ್ರೇಮದ ಉಸಿರು, ಒಬ್ಬಳಿಗೆ ಶೋಕದ ಗಾಯ, ಇನ್ನೊಬ್ಬರಿಗೆ ತಾಳ್ಮೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಕ್ಕರೆಯ ಅಚ್ಚನ್ನು ಮುಂಕನ ಪಕ್ಕದಲ್ಲಿ ಇಡುವುದು ಅತಿಯಾಯಿತಲ್ಲವೇ ಎಂದು ಬಲ್ಲವರು ಕೇಳಬಹುದು. ಎರಡೂ ಸಮಾನವೆಂದು ನಾನು ಹೇಳುತ್ತಿಲ್ಲ. ಮುಂಕ್ ತನ್ನ ಎದೆಯ ಮಾತನ್ನು ಕೊರೆದನು. ಅಚ್ಚಿನ ಬಡಿಗ ಊರಿಗೆ ಬೇಕಾದ ಕುದುರೆಯನ್ನು ಕೊರೆದನು. ಒಬ್ಬನಿಗೆ ಹೆಸರಿದೆ; ಇನ್ನೊಬ್ಬನಿಗೆ ಸುಗ್ಗಿಯಲ್ಲಿ ನಾಲ್ಕು ಸೇರು ಕಾಳು ಬಂದಿರಬಹುದು, ಹೆಸರು ಬರಲಿಲ್ಲ. ಆ ಹೆಸರಿಲ್ಲದಿರುವಿಕೆಯನ್ನು 'ನಿರಹಂಕಾರ' ಎಂದು ಹೊಗಳುವುದು ಸುಲಭ. ಅವನು ಅಹಂಕಾರ ಬಿಟ್ಟವನೋ, ಅವನ ಹೆಸರನ್ನು ನಾವು ಕೇಳಲೇ ಇಲ್ಲವೋ ಎಂಬುದನ್ನೂ ಆಲೋಚಿಸಬೇಕು.

ಕೊನೆಯದಾಗಿ, ಕಟ್ಟಿಗೆ ಎಲ್ಲಿಂದ ಬರಬೇಕೆಂಬ ಪ್ರಶ್ನೆ. ಕಲೆಯ ಚರ್ಚೆಯಲ್ಲಿ ಇದು ಬರುವುದು ಅಪರೂಪ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮಾತನಾಡುವಂತಿಲ್ಲ. ಮಲೆನಾಡು ಬಯಲುಸೀಮೆಗಳು ಇಲ್ಲಿ ಕೈಕೈ ಹಿಡಿದಿವೆ. ಹಾನಗಲ್ಲಿನ ಕಡೆ ಸಾಗವಾನಿ, ಮತ್ತಿ, ಹೊನ್ನೆಗಳ ಕಾಡು. ರಾಣೇಬೆನ್ನೂರಿನ ಕಡೆ ಜಾಲಿ, ಬೇವುಗಳ ಬಯಲು. ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಮರವನ್ನು ಅರೆದು, ನೂಲಾಗುವ ತಿರುಳು ಮಾಡುವುದು ಅದರ ಉದ್ಯೋಗ. 1974ರಲ್ಲಿ ಕೃಷ್ಣಮೃಗಗಳಿಗೆಂದು ಘೋಷಿಸಿದ ರಾಣೇಬೆನ್ನೂರಿನ ಅಭಯಾರಣ್ಯದಲ್ಲಿಯೂ ನೀಲಗಿರಿಯ ನೆಡುತೋಪುಗಳು ಹಬ್ಬಿದವು. 1984ರಲ್ಲಿ ಸರಕಾರ ಮತ್ತು ಕಾರ್ಖಾನೆಗಳ ಪಾಲುಗಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಹುಟ್ಟಿ, ಊರವರ ಗೋಮಾಳ ಕಾಡುಗಳಲ್ಲಿ ನೀಲಗಿರಿ ನೆಡತೊಡಗಿದಾಗ ಜನ ಎದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆಗೂಡಿ ಹಳ್ಳಿಯವರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಆ ಜಾಗದಲ್ಲಿ ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲು ಸರಕಾರ ನಿರ್ಧರಿಸಿತು.

ಕುಸನೂರಿನವರು ಅಂದು ಕಲೆಗಾಗಿ ಹೋರಾಡಲಿಲ್ಲ. ದನದ ಮೇವಿಗೆ, ಒಲೆಯ ಉರುವಲಿಗೆ, ನೇಗಿಲಿನ ಕಟ್ಟಿಗೆಗೆ ಹೋರಾಡಿದರು. ಆದರೂ ಮರವೆಂದರೆ ತೂಕಕ್ಕೆ ಮಾರುವ ತಿರುಳು ಮಾತ್ರವಲ್ಲ, ಒಂದೊಂದು ಮರಕ್ಕೂ ಒಂದೊಂದು ಹೆಸರಿದೆ, ಗುಣವಿದೆ ಎಂಬುದನ್ನು ಅವರು ಹೇಳಿದಷ್ಟು ಸ್ಪಷ್ಟವಾಗಿ ಯಾವ ಕಲಾಪ್ರದರ್ಶನವೂ ಹೇಳಿಲ್ಲ. ಹಾಗೆಂದು ನೀಲಗಿರಿಯನ್ನು ಶಿಲ್ಪಿ ಮುಟ್ಟಬಾರದೆಂದೂ ಅಲ್ಲ. ಅದರ ಎಳೆ ತಿರುಚು. ಒಣಗುವಾಗ ಸೆಟೆದು ಬಿರಿಯುತ್ತದೆ. ಬಡಿಗರಿಗೆ ಅದು ಸಿಟ್ಟು ತರಿಸುವ ಕಟ್ಟಿಗೆ. ನ್ಯಾಶನ ದಾರಿಯನ್ನು ಬಲ್ಲ ತರುಣನೊಬ್ಬ ಆ ಬಿರುಕನ್ನೇ ಹಿಡಿದು, ಈ ನೆಲದ ಕಳೆದ ಐವತ್ತು ವರ್ಷಗಳ ಕಥೆಯನ್ನು ಅದರಲ್ಲಿ ಹೇಳಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ನೇತೃತ್ವದಲ್ಲಿ ರೂಪುಗೊಂಡ ಉತ್ಸವ ರಾಕ್ ಗಾರ್ಡನ್ನು ಹಳ್ಳಿಯ ಬಾಳನ್ನು ಆಳೆತ್ತರದ ಸಿಮೆಂಟಿನ ಪ್ರತಿಮೆಗಳಲ್ಲಿ ಹಿಡಿದಿಟ್ಟಿದೆ. ಸಿಮೆಂಟಿನಲ್ಲಿ ನೆನಪು ನಿಲ್ಲುತ್ತದೆ. ಮರದಲ್ಲಿ ನೆನಪು ಬೆಳೆದಿರುತ್ತದೆ. ಎರಡೂ ಬೇಕು.

ಈಚಿನ ವರ್ಷಗಳಲ್ಲಿ ನಮ್ಮ ಮೂರು ಊರುಗಳಲ್ಲಿಯೂ ಮಾಳಿಗೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಕಂಬ, ಬೋದಿಗೆ, ತಲೆಬಾಗಿಲುಗಳನ್ನು ಕೊಳ್ಳುವವರು ಬರುತ್ತಾರೆ. ಚೆನ್ನಾಗಿದ್ದುದು ದೂರದ ಶ್ರೀಮಂತರ ಮನೆಗೆ, ಉಳಿದದ್ದು ಒಲೆಗೆ. ಬೀಳುವ ಮನೆಗಳನ್ನು ತಡೆಯಲು ನಮ್ಮಿಂದಾಗದು. ಗಾಳಿ ಬೆಳಕಿನ ಮನೆ ಬೇಕೆನ್ನುವವರನ್ನು ತಡೆಯುವ ಹಕ್ಕೂ ನಮಗಿಲ್ಲ. ಆದರೆ ಒಂದು ಕೆಲಸ ಮಾಡಬಹುದು. ಅಲಿಗಡದಲ್ಲಿ ಹುಟ್ಟಿ ದೇಶದೇಶ ತಿರುಗಿದ ಜರೀನಾ ಹಾಶ್ಮಿ (1937-2020) 1999ರಲ್ಲಿ 'ಮನೆಯೆಂಬುದು ಪರದೇಶ' ಎಂಬರ್ಥದ ಹೆಸರಿಟ್ಟು 36 ಮರದಚ್ಚಿನ ಚಿತ್ರಗಳ ಮಾಲೆಯೊಂದನ್ನು ಮಾಡಿದರು. ಬಿಟ್ಟುಬಂದ ಮನೆಗಾಗಿ, ಬಿಟ್ಟುಹೋಗುತ್ತಿರುವ ಭಾಷೆಗಾಗಿ ಒಂದೊಂದು ಚಿತ್ರಕ್ಕೂ ಒಂದೊಂದು ಉರ್ದು ಪದ - ಮನೆ, ಹೊಸ್ತಿಲು, ಬಾಗಿಲು, ಹೀಗೆ. ಕೆಲವೇ ಕಪ್ಪು ಗೆರೆಗಳಲ್ಲಿ ಒಂದು ಕಳೆದುಹೋದ ಲೋಕ.

ನಮಗೆ ಮನೆ ಪರದೇಶವಾಗಿಲ್ಲ. ಆಗುವ ಮುನ್ನವೇ ನಾವು ಇದನ್ನು ಮಾಡಬೇಕು. ಬೀಳುವ ಮನೆಯ ಒಂದೊಂದು ಹಲಗೆಯನ್ನು ಒಲೆಯ ಬಾಯಿಂದ ಎತ್ತಿಕೊಂಡು, ಏನನ್ನೂ ಕೆತ್ತದೆ, ಬರಿಯ ಮೇಲ್ಮೈಗೆ ಶಾಯಿ ಹಚ್ಚಿ ಒತ್ತಿದರೂ ಸಾಕು. ಎಳೆ, ಗಂಟು, ಗೆದ್ದಲಿನ ದಾರಿ, ನೂರು ವರ್ಷ ಕಾಲಿಟ್ಟು ಸವೆದ ಗುರುತು ಎಲ್ಲವೂ ಕಾಗದಕ್ಕೆ ಬರುತ್ತವೆ. ಪ್ರತಿಯೊಂದರ ಕೆಳಗೆ ಒಂದು ಕನ್ನಡ ಪದ ಇರಲಿ: ಹೊಸ್ತಿಲು, ತೊಲೆ, ಜಂತಿ, ಬೋದಿಗೆ, ನೊಗ, ಕೊಡತಿ, ಗಂಟು, ಕೆಚ್ಚು. ಅದರ ಪಕ್ಕದಲ್ಲಿ ಆ ಪದವನ್ನು ಹೇಳಿಕೊಟ್ಟ ಬಡಿಗನ ಹೆಸರೂ ಇರಲಿ. ಚಿತ್ರಕಲೆಯ ವಿದ್ಯಾರ್ಥಿ ಅಚ್ಚು ಒತ್ತಲಿ, ಕನ್ನಡದ ವಿದ್ಯಾರ್ಥಿ ಪದ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಬೇಕಾಗುವುದು ಒಂದು ಉರುಳೆ, ಒಂದು ಡಬ್ಬಿ ಶಾಯಿ, ಒಂದು ಮರದ ಚಮಚ. ಅಂಥ ಹಾಳೆಗಳ ಒಂದು ಕಟ್ಟು ನಮ್ಮ ಒಂದೊಂದು ಕಾಲೇಜಿನ ಗ್ರಂಥಾಲಯದಲ್ಲಿಯೂ ಇದ್ದರೆ, ಮುಂದೆಂದೋ ಒಬ್ಬ ಹುಡುಗ ನಿಘಂಟಿನಲ್ಲಿ ಕೆಚ್ಚೆಂಬ ಮಾತಿಗೆ 'ಧೈರ್ಯ' ಎಂಬ ಅರ್ಥವನ್ನಷ್ಟೇ ಓದಿ ಮುಂದೆ ಹೋಗಲಾರ. ಅದು ಯಾವ ಗಿಡದ ಒಡಲಿನಿಂದ ಬಂತೆಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ.